ಮಾಸ್ತರ ಹೆಸರು ತೆಗೆಯುವ ಅರ್ಜಿ

ನೇಮಿರಾಜ ಮಾಸ್ತರ ಮನೆ ಬಾಗಿಲಿಗೆ ಮೂರನೆಯ ಸಲವೂ ಬೀಗ ಕಂಡಾಗ ನನಗಾದಷ್ಟು ಸಂತೋಷ ನನ್ನ ಮದುವೆ ನಿಶ್ಚಯವಾದ ದಿನವೂ ಆಗಿರಲಿಲ್ಲ. ಸುಳ್ಳು ಯಾಕೆ ಹೇಳಲಿ? ಆ ಬೀಗವನ್ನೊಮ್ಮೆ ಕೈಯಲ್ಲಿ ಹಿಡಿದು ಎಳೆದು ನೋಡಿದೆ. ಗಟ್ಟಿಯಾಗಿತ್ತು.

ನಾನು ಹೊಸನಗರ ತಾಲ್ಲೂಕಿನ ಹಲಸಿನಸರದ ಅಂಗನವಾಡಿ ಟೀಚರ್ ಸ್ವಪ್ನಾ. ಮತದಾರರ ಪಟ್ಟಿ ಸರಿಮಾಡುವ ಕೆಲಸವೂ ನಮ್ಮ ತಲೆಗೇ ಬರುತ್ತದೆ. ಚೀಲದಲ್ಲಿ ಎರಡು ಕಟ್ಟು ಅರ್ಜಿ ಇಟ್ಟುಕೊಂಡು ಮನೆಮನೆ ತಿರುಗಬೇಕು. ಊರಿಗೆ ಬಂದವರ ಹೆಸರು ಸೇರಿಸುವುದಕ್ಕೆ ಒಂದು ಕಟ್ಟು, ಊರು ಬಿಟ್ಟು ಹೋದವರ ಹೆಸರು ತೆಗೆಯುವುದಕ್ಕೆ ಇನ್ನೊಂದು. ಮೂರು ಸಲ ಹೋದರೂ ಮನೆಗೆ ಬೀಗವಿದ್ದರೆ, 'ಇವರು ಇಲ್ಲಿ ವಾಸವಿಲ್ಲ' ಅಂತ ನೆರೆಯವರಿಬ್ಬರು ಸಹಿ ಹಾಕಿದರೆ, ಆ ಹೆಸರು ಹೋಯಿತು ಅಂತಲೇ ಲೆಕ್ಕ.

ಮೊದಲ ಸಹಿಗೆ ಎದುರಿನ ಅಂಗಡಿ ವಿನೋದನ ಹತ್ತಿರ ಹೋದೆ.

"ವಿನೋದಣ್ಣ, ಮಾಸ್ತರು ಇಲ್ಲಿ ಇರ್ತಾರಾ ಇಲ್ವಾ? ಒಂದೇ ಮಾತಲ್ಲಿ ಹೇಳಿ."

"ಒಂದು ಮಾತಲ್ಲಿ ಮುಗಿಯೋ ಮನುಷ್ಯನಾ ಅವರು? ಶನಿವಾರ ಸ್ಕೂಟರಲ್ಲಿ ಬರ್ತಾರೆ. ತೋಟಕ್ಕೊಂದು ಸುತ್ತು ಹಾಕ್ತಾರೆ. ಇಲ್ಲಿ ಕೂತು ಪೇಪರ್ ಪುಕ್ಕಟೆ ಓದ್ತಾರೆ. ಹೋಗ್ವಾಗ ನನ್ನ ಬೋರ್ಡಲ್ಲಿ ಇಂಗ್ಲಿಷ್ ತಪ್ಪು ಅಂತ ಬೈದು ಹೋಗ್ತಾರೆ. ಹದಿನಾರು ವರ್ಷದಿಂದ ಅದೇ ಬೋರ್ಡು, ಅದೇ ಬೈಗುಳ ಮಾರಾಯ್ತಿ!"

"ರಾತ್ರಿ ಉಳೀತಾರಾ?"

"ಮೂರು ವರ್ಷದಿಂದ ಆ ಮನೇಲಿ ದೀಪ ಹತ್ತಿದ್ದು ನಾನಂತೂ ಕಂಡಿಲ್ಲ. ಸಾಗರದಲ್ಲಿ ಮಗಳು ಜಿನಶ್ರೀ ಮನೇಲೇ ಗಂಡ ಹೆಂಡತಿ ಇಬ್ಬರೂ ಇರೋದು. ಸಹಿ ಎಲ್ಲಿ ಹಾಕ್ಬೇಕು? ಕೊಡು ಪೆನ್ನು."

ಅವನು ಸಹಿ ಹಾಕಿದ ಮೇಲೆ ಕೆಳಗೆ ಉಳಿದ ಖಾಲಿ ಗೆರೆಯನ್ನು ನೋಡಿದೆ. ಆ ಗೆರೆಯ ಮೇಲೆ ಯಾರ ಸಹಿ ಬೀಳಬೇಕೆಂದು ನಾನು ಮೊದಲೇ ನಿಶ್ಚಯ ಮಾಡಿಕೊಂಡಿದ್ದೆ. ನನ್ನ ಅಣ್ಣ ಶಿವುವಿನದು.

ಯಾಕೆಂದು ಹೇಳಿಬಿಡುತ್ತೇನೆ.

ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ನಮ್ಮಜ್ಜಿ ವೆಂಕಮ್ಮ ಇಪ್ಪತ್ತೆಂಟು ಮನೆಯವರ ಜೊತೆ ಲಾರಿ ಹತ್ತಿ ಹಲಸಿನಸರಕ್ಕೆ ಬಂದವಳು. ಸರ್ಕಾರ ಜಾಗ ತೋರಿಸಿತು, ಇವರು ಗುಡಿಸಲು ಕಟ್ಟಿದರು. ಅದಕ್ಕೆ ಊರವರು ಹೊಸಕೇರಿ ಅಂದರು. ಅರವತ್ತು ವರ್ಷ ಕಳೆದು, ಗುಡಿಸಲು ಹೋಗಿ ತಾರಸಿ ಮನೆಗಳಾದರೂ ಅದು ಹೊಸಕೇರಿಯೇ. ಊರಿನ ಇನ್ನೊಂದು ಬದಿಗೆ ಹಳೇಮನೆಗಳು. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು ನೇಮಿರಾಜ ಮಾಸ್ತರದು. "ನಮ್ಮ ಮನೆತನ ಇಲ್ಲಿಗೆ ಬಂದು ಏಳುನೂರು ವರ್ಷ" ಅನ್ನುವುದು ಅವರ ಮಾಮೂಲು ಮಾತು. 'ಬಂದು' ಅನ್ನುವ ಪದ ತಮ್ಮ ಬಾಯಿಂದಲೇ ಬೀಳುವುದನ್ನು ಅವರು ಗಮನಿಸಿದ್ದು ನಾನು ಕಾಣೆ.

ಅವರು ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರು. ಪಾಠ ಚೆನ್ನಾಗಿಯೇ ಮಾಡುತ್ತಿದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರದೊಂದು ಹಲಗೆ ಇತ್ತು. ತಪ್ಪು ಉತ್ತರ ಹೇಳಿದವನ ಕೊರಳಿಗೆ ಅದನ್ನು ಸುತಳಿಯಲ್ಲಿ ಕಟ್ಟುತ್ತಿದ್ದರು. ಇನ್ನೊಬ್ಬ ತಪ್ಪು ಮಾಡುವವರೆಗೆ ಅವನು ಅದನ್ನು ತೆಗೆಯುವಂತಿಲ್ಲ. ಊಟಕ್ಕೆ ಬಿಟ್ಟಾಗಲೂ, ಮನೆಗೆ ಹೋಗುವಾಗಲೂ.

ಅಣ್ಣ ಒಂಬತ್ತರಲ್ಲಿದ್ದ, ನಾನು ಎಂಟರಲ್ಲಿ. ಎರಡು ತರಗತಿಗೂ ನಡುವೆ ಇದ್ದದ್ದು ಬಿದಿರು ತಟ್ಟಿ. ಅವತ್ತು ಮಾಸ್ತರು ಎರಡು ಪದ ಕಲಿಸುತ್ತಿದ್ದರು. ಎಮಿಗ್ರೇಟ್, ಇಮಿಗ್ರೇಟ್. ಯಾವಾಗಲೂ ಒಂದಕ್ಕೊಂದು ಕಲಸಿಹೋಗುವ ಪದಗಳು. ಇದ್ದ ನೆಲ ಬಿಟ್ಟು ಹೊರಡುವುದು ಮೊದಲನೆಯದು, ಬೇರೆ ನೆಲಕ್ಕೆ ಬಂದು ನೆಲೆಯೂರುವುದು ಎರಡನೆಯದು. ಹೊರಟವನೂ ಬಂದವನೂ ಒಬ್ಬನೇ ಮನುಷ್ಯ. ನೋಡುವವನು ಯಾವ ದಡದಲ್ಲಿ ನಿಂತಿದ್ದಾನೆ ಅನ್ನುವುದರ ಮೇಲೆ ಪದ ಬದಲಾಗುತ್ತದೆ. ಇಷ್ಟನ್ನು ತಟ್ಟಿಯ ಈಚೆಯಿಂದಲೇ ನಾನು ಕಲಿತೆ.

"ಶಿವು, ಎದ್ದೇಳು. ನಿಮ್ಮ ಮನೆಯವರು ಎಂತ ಮಾಡಿದ್ದು?"

"ಎಮಿಗ್ರೇಟ್ ಸಾರ್."

"ತಪ್ಪು. ಅಲ್ಲಿಂದ ನೋಡೋರಿಗೆ ಅದು. ನೀವು ನಮ್ಮೂರಿಗೆ ಬಂದವರು. ನಾವು ಇಲ್ಲಿಂದ ನೋಡೋದು."

"ಸಾರ್, ಅಲ್ಲಿಂದ ನೋಡೋಕೆ ಯಾರೂ ಇಲ್ಲ ಸಾರ್. ಊರೇ ನೀರಲ್ಲಿ ಐತೆ. ಅದ್ಕೇ ನಾವಾದ್ರೂ ಆ ಕಡೆಯಿಂದ ಹೇಳ್ಬೇಕಲ್ಲ ಅಂತ ಹೇಳ್ದೆ."

ಅವನು ತಮಾಷೆಗೆ ಹೇಳಿದ್ದಲ್ಲ. ಆದರೆ ತರಗತಿ ಗೊಳ್ಳೆಂದು ನಕ್ಕಿತು. ತಮ್ಮನ್ನೇ ನೋಡಿ ನಕ್ಕರೆಂದು ಮಾಸ್ತರು ತಿಳಿದರು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಬಂದವನು' ಅಂತ ಬರೆದು ಅಣ್ಣನ ಕೊರಳಿಗೆ ಕಟ್ಟಿದರು. ಮರುದಿನ ಇನ್ನೊಬ್ಬ ತಪ್ಪು ಹೇಳಿದ. "ಅದು ಸಣ್ಣ ತಪ್ಪು. ಹಲಗೆ ಶಿವೂನ ಹತ್ರಾನೇ ಇರ್ಲಿ" ಅಂದರು. ಅದರ ಮರುದಿನವೂ ಅದೇ ಮಾತು. ಹೀಗೆ ಹದಿನೇಳು ದಿನ. ಹದಿನೆಂಟನೆಯ ದಿನ ಅಣ್ಣ ಹಲಗೆಯನ್ನು ಶಾಲೆಯ ಬಾಗಿಲ ಮೊಳೆಗೆ ನೇತುಹಾಕಿ ಮನೆಗೆ ಬಂದ. ಮತ್ತೆ ಹೋಗಲಿಲ್ಲ. ತರಗತಿಗೆ ಮೊದಲಿಗನಾಗಿದ್ದವನು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನಾದ. ಊರವರ ಬಾಯಲ್ಲಿ 'ಬಂದೋನು ಶಿವು' ಅಂತ ಉಳಿದುಬಿಟ್ಟ. ಈಗ ಅವನಿಗೆ ನಲವತ್ತೈದು. ಮೊನ್ನೆ ಮೊನ್ನೆ ಹುಟ್ಟಿದ ಮಕ್ಕಳೂ ಅವನನ್ನು ಹಾಗೇ ಕರೆಯುತ್ತಾರೆ.

ನಾನು ಶಾಲೆ ಬಿಡಲಿಲ್ಲ. ಅದೇ ಮಾಸ್ತರ ಎದುರು ಬಾಯಿಮುಚ್ಚಿ ಕೂತು ಪಾಸಾದೆ. ಆಮೇಲೆ ಡಿಕ್ಷನರಿ ಇಟ್ಟುಕೊಂಡು ನಾನೇ ಇಂಗ್ಲಿಷ್ ಕಲಿಯುವಾಗ ಗೊತ್ತಾದದ್ದು: ಆ ಎರಡೂ ಪದ ದೇಶ ಬಿಟ್ಟು ದೇಶಕ್ಕೆ ಹೋಗುವವರಿಗಂತೆ. ಸಾಗರ ತಾಲ್ಲೂಕಿನಿಂದ ಹೊಸನಗರ ತಾಲ್ಲೂಕಿಗೆ ಬಂದವರಿಗೆ ಎರಡೂ ಸಲ್ಲುವುದಿಲ್ಲ. ಮಾಸ್ತರ ಪ್ರಶ್ನೆಯೇ ತಪ್ಪು! ಆ ಪುಟ ಮುಚ್ಚಿ ನಾನು ಅತ್ತದ್ದು ಯಾರಿಗೂ ಗೊತ್ತಿಲ್ಲ. ಅವತ್ತಿನಿಂದ ಕಾಯುತ್ತಿದ್ದೆ. ಒಂದು ದಿನ ಇವರನ್ನೂ ಊರಿನವರಲ್ಲ ಅನ್ನಿಸಬೇಕು ಅಂತ. ಈಗ ಕಾಗದ ನನ್ನ ಕೈಯಲ್ಲಿತ್ತು.

ಶಿವುವಿನ ಹತ್ತಿರ ಹೋಗುವ ಮೊದಲು ಮೀಟಿಂಗಿಗೆಂದು ಸಾಗರಕ್ಕೆ ಹೋಗಬೇಕಾಯಿತು. ಮಾರ್ಕೆಟ್ಟಿನಲ್ಲಿ ಬಸಳೆ ಸೊಪ್ಪಿಗೆ ಚೌಕಾಶಿ ಮಾಡುತ್ತ ನಿಂತಿದ್ದವರು ಮಾಸ್ತರ ಹೆಂಡತಿ ಜಿನಮ್ಮ. ನನ್ನನ್ನು ಕಂಡದ್ದೇ ಸೊಪ್ಪು ಬಿಟ್ಟು ಕೈ ಹಿಡಿದುಕೊಂಡರು.

"ಸ್ವಪ್ನಾ! ಎಂತಾ ಹೀಗೆ ಸೊರಗಿದೀಯ? ಮಕ್ಕಳಿಗೆ ಕೊಡೋ ಹಿಟ್ಟಲ್ಲಿ ಸ್ವಲ್ಪ ನೀನೂ ತಿನ್ನು ಮಾರಾಯ್ತಿ."

"ಅಮ್ಮ, ನಿಮ್ಮ ಮನೆಗೆ ಮೂರು ಸಲ ಬಂದಿದ್ದೆ. ಬೀಗ ಇತ್ತು."

"ಬೀಗ ಅಲ್ದೆ ಇನ್ನೆಂತ ಇರ್ತದೆ? ನನ್ನ ರೇಷನ್ ಕಾರ್ಡು ಇಲ್ಲಿ, ಗ್ಯಾಸು ಇಲ್ಲಿ, ಮಂಡಿ ನೋವಿನ ಡಾಕ್ಟ್ರು ಇಲ್ಲಿ. ವೋಟು ಮಾತ್ರ ಅಲ್ಲಿ ಎಂತಕ್ಕೆ? ಇದ್ಯಾ ಅರ್ಜಿ? ಕೊಡು, ಇಲ್ಲೇ ಸಹಿ ಹಾಕ್ತೀನಿ. ನಾನು ಸಾಗರದವಳಾಗಿ ಮೂರು ವರ್ಷ ಆಯ್ತು, ಪಟ್ಟೀಲೂ ಆಗ್ಲಿ."

"ಮಾಸ್ತರದ್ದೂ..."

"ಅಯ್ಯೋ, ಅವರದ್ದು ಮುಟ್ಬೇಡ! ರಂಪ ಮಾಡ್ತಾರೆ. ಈ ಸಲ ತಾಂಬೂಲ ಅವರಿಗಂತೆ. ಹದಿನೈದು ದಿನದಿಂದ ಕನ್ನಡಿ ಮುಂದೆ ಭಾಷಣ ಕಲೀತಿದಾರೆ. ನಾನು ಕುಕ್ಕರ್ ಕೂಗಿಸಿದ್ರೆ ಚಪ್ಪಾಳೆ ಅಂದ್ಕೊಳ್ತಾರೆ."

ತಾಂಬೂಲದ ವಿಷಯ ಹೇಳಬೇಕು. ನಮ್ಮ ವಾರ್ಡಿನಲ್ಲಿ ಪಂಚಾಯಿತಿಗೆ ಚುನಾವಣೆ ಅಂತ ನಡೆದದ್ದೇ ಇಲ್ಲ. ಇರುವುದು ಒಂದೇ ಸೀಟು. ನಾಮಪತ್ರ ಹಾಕುವ ದಿನ ಹತ್ತಿರ ಬಂದಾಗ ಶಾಲೆಯ ಜಗಲಿಯಲ್ಲಿ ಹಳೇಮನೆಯವರು ಸೇರುತ್ತಾರೆ. ಹರಿವಾಣದಲ್ಲಿ ಎಲೆ ಅಡಿಕೆ ಇಡುತ್ತಾರೆ. ಮೊದಲೇ ಮಾತಾದವರು ಎದ್ದು ತಾಂಬೂಲ ಎತ್ತಿಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು, ಬೇರೆ ಯಾರೂ ಅರ್ಜಿ ಹಾಕುವುದಿಲ್ಲ. ಎತ್ತಿದ ತಾಂಬೂಲವನ್ನು ತಿರುಗಿ ಹರಿವಾಣಕ್ಕೆ ಹಾಕುವುದೂ ಇಲ್ಲ. ಹಾಕಿದರೆ ಮನೆತನಕ್ಕೇ ಕೇಡು ಅಂತ ನಂಬಿಕೆ. ಹೊಸಕೇರಿಯವರು ಅಂಗಳದಲ್ಲಿ ನಿಂತು ನೋಡಬಹುದು, ಕೊನೆಗೆ ಚಪ್ಪಾಳೆ ತಟ್ಟಬಹುದು.

ಅಂದರೆ ಮಾಸ್ತರಿಗೆ ಈ ಪಟ್ಟಿಯಲ್ಲಿ ಹೆಸರು ಬೇಕೇ ಬೇಕು. ಹೆಸರಿಲ್ಲದವರು ನಿಲ್ಲುವಂತಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಕೂರಲಾಗದಷ್ಟು ಖುಷಿ. ಕಂಡಕ್ಟರ್ ಚಿಲ್ಲರೆ ಕೊಡದಿದ್ದರೂ ಜಗಳ ಆಡಲಿಲ್ಲ ಅಂದರೆ ಲೆಕ್ಕ ಹಾಕಿ.

ನೇರ ಅಣ್ಣನ ಮನೆಗೆ ಹೋದೆ. ಮರ ಹತ್ತುವಾಗ ಕಾಲಿಗೆ ಹಾಕುವ ತಳೆಯನ್ನು ಜಗಲಿಯಲ್ಲಿ ಕೂತು ಹೊಸೆಯುತ್ತಿದ್ದ. ಕಾಗದ ಮುಂದಿಟ್ಟೆ.

"ಇದೆಂತ?"

"ಮಾಸ್ತರು ಊರು ಬಿಟ್ಟು ಹೋದವರು ಅಂತ. ಸಹಿ ಹಾಕು ಅಣ್ಣ. ನಿನ್ನ ಕೈಯಿಂದಲೇ ಆಗ್ಬೇಕು."

ಅವನು ಬೆರಳಿಟ್ಟು ಸಾಲು ಸಾಲು ಓದಿದ. ಆಮೇಲೆ ನಕ್ಕ.

"ನಿನ್ನದು ಬಹಳ ಮೆತ್ತನೆ ಮನಸ್ಸು ತಂಗಿ."

"ಎಂತಕ್ಕೆ?"

"ಇಷ್ಟು ಸಣ್ಣ ಶಿಕ್ಷೆ ಕೊಡೋಕೆ ಹೊರಟಿದೀಯಲ್ಲ."

ಮೂವತ್ತು ವರ್ಷ ಈ ಮನುಷ್ಯ ಆ ಮಾತೇ ಎತ್ತಿರಲಿಲ್ಲ. ಮರೆತಿದ್ದಾನೆ ಅಂತಲೇ ನಾನು ತಿಳಿದಿದ್ದೆ.

"ಹೆಸರು ತೆಗೆದ್ರೆ ಎಂತ ಆಗ್ತದೆ?" ಅಂದ. "ಮಗಳ ಮನೆ ಸೋಫಾದಲ್ಲಿ ಕೂತ್ಕೊಂಡು, ಆ ಅಂಗನವಾಡಿಯೋಳು ಮೋಸ ಮಾಡಿದ್ಲು ಅಂತ ಸಾಯೋವರೆಗೂ ಹೇಳ್ತಾರೆ. ಕೇಳಿದವರೆಲ್ಲ ಅಯ್ಯೋ ಪಾಪ ಅಂತಾರೆ. ಬ್ಯಾಡ. ಅವರಿಗೆ ಪಾಪ ಅನ್ನಿಸ್ಕೊಳ್ಳೋ ಸುಖ ಕೊಡ್ಬ್ಯಾಡ. ಹೆಸರು ಇರ್ಲಿ. ತಾಂಬೂಲ ಎತ್ಲಿ. ಎತ್ತಿದ ಮೇಲೆ ನಾನೂ ನಿಲ್ತೀನಿ."

"ಸೋಲ್ತೀಯ ಅಣ್ಣ! ಹಳೇಮನೆಯವರದ್ದು ಇನ್ನೂರ ಮೂವತ್ತು ಹೆಸರು. ನಮ್ಮದು ನೂರ ಐವತ್ತೊಂಬತ್ತು."

"ಹೆಸರು ಅಷ್ಟೈತೆ. ಜನ ಎಷ್ಟದಾರೆ? ಮರದ ತುದೀಲಿ ನಿಂತ್ರೆ ನನಗೆ ಎಲ್ಲರ ಅಂಗಳಾನೂ ಕಾಣ್ತದೆ. ಯಾವ ಮನೇಲಿ ಬಟ್ಟೆ ಒಣಗ್ತದೆ, ಯಾವ ಮನೇಲಿ ಬರೀ ಹಗ್ಗ ಐತೆ, ನನ್ನ ಕೇಳು. ಅರ್ಧಕ್ಕರ್ಧ ಬರೀ ಹಗ್ಗ." ತಳೆಯನ್ನು ಪಕ್ಕಕ್ಕಿಟ್ಟ. "ನೀನು ಒಂದು ಸುಳ್ಳೂ ಬರೀಬ್ಯಾಡ. ನಿನ್ನ ಕೆಲಸ ಸರಿಯಾಗಿ ಮಾಡು, ಸಾಕು. ನಮ್ಮೂರಲ್ಲಿ ಆ ಕೆಲಸ ಯಾರೂ ಸರಿಯಾಗಿ ಮಾಡಿಲ್ಲ. ಮರ್ಯಾದೆಗೆ ಅಂತ ಹೋದವರ ಹೆಸರೆಲ್ಲ ಇಟ್ಕೊಂಡು ಕೂತಿದಾರೆ."

ಎರಡನೆಯ ಸಹಿ ಇಲ್ಲದೆ ಹೆಸರು ತೆಗೆಯುವಂತಿಲ್ಲ. ಅರ್ಜಿಯನ್ನು ಅಲ್ಲೇ ನಾಲ್ಕು ತುಂಡು ಮಾಡಿದೆ. ಶನಿವಾರ ವಿನೋದನ ಅಂಗಡಿಯಲ್ಲಿ ಮಾಸ್ತರೇ ಸಿಕ್ಕಿದರು. "ಸಾರ್, ನೀವು ಇಲ್ಲೇ ಇರೋದಾ?" ಅಂತ ಕೇಳಿದೆ. "ಇದೆಂಥಾ ಪ್ರಶ್ನೆ? ಏಳುನೂರು ವರ್ಷದಿಂದ!" ಅಂದರು. 'ನಾನು ಇಲ್ಲಿಯ ಕಾಯಂ ನಿವಾಸಿ' ಅಂತ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಆ ಕಾಗದವನ್ನು ಮಡಚದೆ ಜೋಪಾನವಾಗಿ ಫೈಲಿಗೆ ಹಾಕಿದೆ.

ಆಮೇಲೆ ಒಂದು ತಿಂಗಳು ಕೆಲಸ ಮಾಡಿದೆ ನೋಡಿ, ಚಪ್ಪಲಿ ಸವೆಯುವ ಹಾಗೆ. ಪ್ರತಿ ಮನೆಗೂ ಮೂರು ಸಲ. ಬೀಗ ಇದ್ದರೆ ಚೀಟಿ ಅಂಟಿಸಿ, ನೆರೆಯವರ ಸಹಿ ಪಡೆದು, ಹೋದವರಿಗೆ ಫೋನ್ ಮಾಡಿ ಅವರ ಬಾಯಿಂದಲೇ ಕೇಳಿ. ಶಿವಮೊಗ್ಗ, ತೀರ್ಥಹಳ್ಳಿ, ಮಣಿಪಾಲ, ಮಸ್ಕತ್ತು. ಹಳೇಮನೆಯವರ ನೂರಾ ಹದಿನೆಂಟು ಹೆಸರು ಹೋಯಿತು. ನಮ್ಮ ಹೊಸಕೇರಿಯದೂ ಹದಿಮೂರು ಹೋಯಿತು. ಅದರಲ್ಲಿ ಮಂಗಳೂರು ಹೋಟೆಲಿನಲ್ಲಿರುವ ಅಣ್ಣನ ಮಗನದೂ ಒಂದು. ಉಳಿದದ್ದು ಅವರದು ನೂರಾ ಹನ್ನೆರಡು, ನಮ್ಮದು ನೂರಾ ನಲವತ್ತಾರು.

ಕರಡು ಪಟ್ಟಿ ಅಂಗನವಾಡಿ ಗೋಡೆಗೆ ಅಂಟಿಸಿದ ಶನಿವಾರ ಬೆಳಿಗ್ಗೆ ಹತ್ತಕ್ಕೇ ಮಾಸ್ತರ ಸ್ಕೂಟರ್ ಬಂತು. ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ಅವರು ಕನ್ನಡಕ ಏರಿಸಿ, ಬೆರಳಿಟ್ಟು ಓದಿ, ಎರಡು ಸಲ ಮೇಲೆ ಕೆಳಗೆ ಹೋಗಿ ಬಂದರು.

"ಏನೇ ಇದು? ನಮ್ಮ ಮನೆ ನಂಬರಲ್ಲಿ ಒಂದೇ ಹೆಸರಿದೆ!"

"ಹೌದು ಸಾರ್. ಅಮ್ಮ ಅವರೇ ಸಹಿ ಹಾಕಿ ತೆಗೆಸಿದ್ರು."

"ನನಗೆ ಹೇಳ್ದೇ?" ಮತ್ತೆ ಪಟ್ಟಿಗೆ ಬೆರಳಿಟ್ಟರು. "ಹೋಗ್ಲಿ. ಪುಷ್ಪರಾಜ್ ಎಲ್ಲಿ? ನನ್ನ ತಮ್ಮನ ಮಕ್ಕಳು ಎಲ್ಲಿ? ನಮ್ಮ ಮನೆತನದ್ದೇ ಹನ್ನೊಂದು ಹೆಸರು ಇಲ್ಲ!"

"ಅವರೆಲ್ಲ ಹೋದವರು ಸಾರ್."

"ಹೋದವರಲ್ಲ. ದೀಪಾವಳಿಗೆ ಬರ್ತಾರೆ."

"ಹಬ್ಬಕ್ಕೆ ಬರೋರು ನೆಂಟರು ಸಾರ್."

ಆ ಮಾತು ನನ್ನ ಬಾಯಿಂದ ಬಂದದ್ದೇ ಒಂದು ಮಗು ಕಿಸಕ್ಕನೆ ನಕ್ಕಿತು. ಅದು ಯಾಕೆ ನಕ್ಕಿತೋ, ಉಪ್ಪಿಟ್ಟಿಗೋ ಏನೋ. ಮಾಸ್ತರು ಕಿಸೆಯಿಂದ ಮೊಬೈಲ್ ತೆಗೆದರು. ಕಿವಿ ಸ್ವಲ್ಪ ಮಂದವಾದ್ದರಿಂದ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. ಮೊದಲು ಪುಷ್ಪರಾಜ್.

"ದೊಡ್ಡಪ್ಪ, ಗಾಡಿ ಓಡಿಸ್ತಿದೀನಿ, ಬೇಗ ಹೇಳಿ."

"ನಿನ್ನ ಹೆಸರು ಊರಿನ ಪಟ್ಟಿಯಿಂದ ತೆಗೆದಿದಾರೋ! ಬಂದು ತಕರಾರು ಅರ್ಜಿ ಕೊಡು."

"ಅಂಗನವಾಡಿಯವರು ಫೋನ್ ಮಾಡಿದ್ರು ದೊಡ್ಡಪ್ಪ, ನಾನೇ ತೆಗೀರಿ ಅಂದೆ. ತೀರ್ಥಹಳ್ಳೀಲಿ ಸೇರ್ಸ್ಕೊಂಡಿದೀನಿ. ಎರಡು ಕಡೆ ಇದ್ರೆ ಕೇಸು ಆಗ್ತದಂತೆ."

ಎರಡನೆಯವನು ಮಂಡಗದ್ದೆಯಲ್ಲಿ ಹೆಂಡತಿಯ ತವರಿನ ತೋಟ ನೋಡಿಕೊಂಡಿದ್ದವನು. "ಅಲ್ಲಿಗೆ ಬಂದು ಎಂತ ಮಾಡೋದು ದೊಡ್ಡಪ್ಪ? ನಮ್ಮ ಮನೆ ಮಾಡು ಬಿದ್ದು ಮೂರು ವರ್ಷ ಆಯ್ತಲ್ಲ, ನೀವು ನೋಡಿಲ್ವಾ?" ಅಂದ. ಮೂರನೆಯ ಫೋನು ಎತ್ತಿದ ಹುಡುಗಿ ಶ್ರೇಯಾ, ತಮ್ಮನ ಮೊಮ್ಮಗಳು. ಅವಳು ಕೇಳಿದ್ದು ಇಷ್ಟೇ: "ಯಾವ ಊರು ಅಜ್ಜ?"

ಮಾಸ್ತರು ಫೋನನ್ನು ನಿಧಾನಕ್ಕೆ ಕಿಸೆಗೆ ಹಾಕಿದರು. ನಾನು ತಕರಾರು ಅರ್ಜಿಯ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ, ಬಹಳ ವಿನಯದಿಂದ.

"ಎಷ್ಟು ಬೇಕು ಸಾರ್?"

"ಬೇಡ," ಅಂದರು. "ಪಟ್ಟಿ ಇಟ್ಕೊಂಡು ಎಂತ ಮಾಡೋದು? ನಮ್ಮಲ್ಲಿ ವೋಟು ಹಾಕೋ ಪದ್ಧತಿ ಎಲ್ಲಿದೆ?"

ಅದೇ ಧೈರ್ಯದಲ್ಲಿ ಅವರು ತಾಂಬೂಲಕ್ಕೆ ಬಂದರು. ಶಾಲೆಯ ಜಗಲಿಯ ಮೇಲೆ ಬೆಂಚು ಹಾಕಿದ್ದರು. ಹಿಂದೆಲ್ಲ ಜನ ಹಿಡಿಸದೆ ಮೆಟ್ಟಿಲ ಮೇಲೂ ಕೂರುತ್ತಿದ್ದರಂತೆ. ಅವತ್ತು ಬೆಂಚೇ ಖಾಲಿ ಇತ್ತು. ಅಂಗಳದಲ್ಲಿ ಮಾತ್ರ ಹೊಸಕೇರಿಯವರು ತುಂಬಿಹೋಗಿದ್ದರು. ಮಾಸ್ತರು ಬಿಳಿ ಪಂಚೆ, ಇಸ್ತ್ರಿ ಮಾಡಿದ ಜುಬ್ಬ. ಎದ್ದರು, ನಾಲ್ಕು ದಿಕ್ಕಿಗೂ ಕೈಮುಗಿದರು, ಹರಿವಾಣದಿಂದ 'ನಮ್ಮ ಹಿರಿಯರ ಹೆಸರಲ್ಲಿ' ಅನ್ನುತ್ತ ತಾಂಬೂಲ ಎತ್ತಿಕೊಂಡರು.

ಚಪ್ಪಾಳೆ ಬಿತ್ತು. ಹೊಸಕೇರಿಯವರೂ ಜೋರಾಗಿಯೇ ತಟ್ಟಿದರು. ಚಪ್ಪಾಳೆ ನಿಲ್ಲುವವರೆಗೂ ಕಾದು ಅಣ್ಣ ಅಂಗಳದಿಂದ ಎರಡು ಹೆಜ್ಜೆ ಮುಂದೆ ಬಂದ.

"ಬಹಳ ಸಂತೋಷ ಸಾರ್. ನಾಳೆ ನಾನೂ ಅರ್ಜಿ ಹಾಕ್ತೀನಿ."

ವಿನೋದ, "ಬಂದೋನು ಶಿವು ನಿಲ್ತಾನಂತೆ!" ಅಂತ ಯಾರ ಕಿವಿಗೋ ಹೇಳಿದ್ದು ಎಲ್ಲರಿಗೂ ಕೇಳಿತು.

"ಪದ್ಧತಿ ಗೊತ್ತಿಲ್ವೇನೋ ನಿನಗೆ?" ಅಂದರು ಮಾಸ್ತರು. "ತಾಂಬೂಲ ಎತ್ತಿದ ಮೇಲೆ ಬೇರೆಯವರು ನಿಲ್ಲೋ ಹಾಗಿಲ್ಲ."

"ಅದು ತಾಂಬೂಲದ ಪಂಕ್ತೀಲಿ ಕೂರೋರ ಪದ್ಧತಿ ಸಾರ್. ನಮ್ಮನ್ನ ಯಾವತ್ತೂ ಕೂರ್ಸಿಲ್ಲ. ಅಂಗಳದಲ್ಲಿ ನಿಂತೋರಿಗೆ ಪದ್ಧತಿ ಇಲ್ಲ."

ಮಾಸ್ತರು ತಮ್ಮ ಅಂಗೈಯಲ್ಲಿದ್ದ ಎಲೆಗಳನ್ನು ನೋಡಿದರು. ಆಮೇಲೆ ಹರಿವಾಣ ನೋಡಿದರು. ಇಡೀ ಊರು ಅವರ ಕೈಯನ್ನೇ ನೋಡುತ್ತಿತ್ತು. ಅವರು ಲೆಕ್ಕ ಹಾಕಿದ್ದು ನನಗೆ ಕಂಡಿತು. ಗೋಡೆಯ ಮೇಲಿನ ಪಟ್ಟಿಯನ್ನು ಅವರಿಗಿಂತ ಚೆನ್ನಾಗಿ ಓದಿದವರು ಯಾರೂ ಇರಲಿಲ್ಲ. ನಿಂತರೆ ಸೋಲು. ಕೈಯಲ್ಲಿದ್ದದ್ದನ್ನು ಇಟ್ಟರೆ ಏಳುನೂರು ವರ್ಷದ ಮನೆತನಕ್ಕೆ ಕೇಡು. ಕೊನೆಗೆ ಎಲೆ ಅಡಿಕೆ ಜುಬ್ಬದ ಕಿಸೆಗೆ ಹಾಕಿಕೊಂಡು ಕೂತರು.

ಅಣ್ಣ ನಾಮಪತ್ರ ಹಾಕಿದ ದಿನವೇ ನಾನು ತಾಲ್ಲೂಕು ಕಚೇರಿಗೆ ಹೋಗಿ, ನನ್ನ ಅಣ್ಣನೇ ನಿಂತಿರುವುದರಿಂದ ಮತಗಟ್ಟೆ ಕೆಲಸದಿಂದ ಬಿಡಿಸಿ ಅಂತ ಬರೆದುಕೊಟ್ಟೆ. ಒಂದು ಬೊಟ್ಟು ಮಸಿಯೂ ತಾಗಬಾರದು ನಮಗೆ.

ಇನ್ನು ಮಾಸ್ತರು ವೋಟು ಕೇಳಲೇಬೇಕಾಯಿತು. ಹೊಸಕೇರಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಅಣ್ಣ ಮೊದಲೇ ಮನೆಮನೆಗೆ ಹೇಳಿಟ್ಟಿದ್ದ, ಎಲ್ಲರೂ ಕುರ್ಚಿ ಹಾಕಿ ಅಂತ. ಮೂವತ್ತೊಂದು ಮನೆಯಲ್ಲೂ ಕುರ್ಚಿ, ಮೂವತ್ತೊಂದು ಮನೆಯಲ್ಲೂ ಬೆಲ್ಲದ ಕಾಫಿ. ಎಲ್ಲರೂ ಕೇಳಿದ್ದೂ ಒಂದೇ ಮಾತು: "ನಮ್ಮ ಹೆಸರು ಗೊತ್ತಾ ಸಾರ್?" ಪಾಪ, ಒಂದು ಹೆಸರೂ ಗೊತ್ತಿರಲಿಲ್ಲ. ಹತ್ತನೇ ಮನೆಗೆ ಬರುವಷ್ಟರಲ್ಲಿ ಕಾಫಿ ಕುಡಿಯಲಾರದೆ ಕೈಮುಗಿಯುತ್ತಿದ್ದರು. ಹಾಗಂತ ನಡುವೆ ಎದ್ದು ಹೋಗಲೂ ಆಗುವಂತಿರಲಿಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆ ಕಾವ್ಯಾ ಕೊಟ್ಟ ಲೋಟ ಹಿಡಿದು ಕೂತಾಗ ಅದು ವಾಲಿ ಕಾಫಿ ಜುಬ್ಬದ ಮೇಲೆ ಚೆಲ್ಲಿತು. ಅತ್ತಿಗೆ ಒರೆಸಲು ಬಟ್ಟೆ ತಂದಳು. ಅವಳಿಗೆ ಕರುಣೆ ಬಂದಿತ್ತಂತೆ. ನನಗೆ ಬರಲಿಲ್ಲ.

ಎಣಿಕೆ ಹೊಸನಗರದಲ್ಲಿ ನಡೆಯಿತು. ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ವಾರ್ಡು ಕೂಗಿದರು. ಶಿವು ನೂರಾ ಅರವತ್ತೆರಡು, ನೇಮಿರಾಜ ಅರವತ್ತನಾಲ್ಕು, ತಿರಸ್ಕೃತ ಐದು. ಅಂದರೆ ಹಳೇಮನೆಯವರಲ್ಲೂ ಕೆಲವರು ಅಣ್ಣನಿಗೇ ಹಾಕಿದ್ದರು. ಗೇಟಿನ ಹೊರಗೆ ನಮ್ಮವರು ಅವನನ್ನು ಹೆಗಲ ಮೇಲೆತ್ತಿದರು. ಯಾರೋ, "ಮೆಂಬರ್ ಶಿವಣ್ಣಂಗೆ!" ಅಂದರು, ಉಳಿದವರು "ಜೈ!" ಅಂದರು. ಶಿವಣ್ಣ. ಆ ಹೆಸರು ಕೇಳಿ ಅವನು ಮಾಲೆಯ ಹೂವಿನೊಳಗೆ ಮುಖ ಹುದುಗಿಸಿದ.

ನಾನು ಮಾತ್ರ ಮಾಸ್ತರನ್ನು ಹುಡುಕಿದೆ. ಸೋತವರ ಮುಖ ನೋಡಬೇಕಿತ್ತು. ಅದಕ್ಕೇ ಅಲ್ಲವೇ ಇಷ್ಟೆಲ್ಲ? ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಸಾಗರದ ಬಸ್ಸಿನ ಫಲಕದ ಕೆಳಗೆ, ಮಡಿಲಲ್ಲಿ ಒಂದು ಕೈಚೀಲ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನಾನು ಕೂರಲಿಲ್ಲ.

"ಸಾರ್, ನಾನು ಶಿವು ತಂಗಿ."

"ಗೊತ್ತಮ್ಮ."

"ಇದೆಲ್ಲ ಯಾಕಾಯ್ತು ಅಂತ ಗೊತ್ತಾ ಸಾರ್?"

ಈ ಪ್ರಶ್ನೆಯನ್ನು ಅಷ್ಟೂ ವರ್ಷ ಮನಸ್ಸಿನಲ್ಲಿ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಅವರು ತಲೆ ತಗ್ಗಿಸುತ್ತಾರೆ, ಆಗ ನಾನು ಹೀಗೆ ಹೇಳಬೇಕು, ಹಾಗೆ ಹೇಳಬೇಕು ಅಂತ. ಅವರು ತಲೆ ತಗ್ಗಿಸಲಿಲ್ಲ. ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು.

"ನಾನೂ ಅದೇ ಯೋಚನೆ ಮಾಡ್ತಾ ಕೂತಿದೀನಿ," ಅಂದರು. "ಶಿವು ನಮ್ಮ ತೋಟಕ್ಕೆ ಇಪ್ಪತ್ತು ವರ್ಷದಿಂದ ಬರ್ತಾನೆ. ಒಂದು ದಿನ ಎದುರು ಮಾತಾಡಿದವನಲ್ಲ. ಅವನಿಗೆ ನನ್ನ ಮೇಲೆ ಎಂತ ಸಿಟ್ಟು? ಯಾರಾದ್ರೂ ಎಂತಾದ್ರೂ ಹೇಳಿದ್ರಾ?"

ಅವರ ಮುಖದಲ್ಲಿ ಕಳ್ಳತನ ಇರಲಿಲ್ಲ. ಎರಡು ಮೂರು ಸಲ ಹುಡುಕಿದೆ, ಇರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬನ ಬದುಕನ್ನೇ ತಿರುಗಿಸಿದ ಆ ದಿನಗಳು ಅವರ ಪಾಲಿಗೆ ಮಾಮೂಲು ಪಾಠದ ದಿನಗಳು. ಹೇಳಿಬಿಡಲು ಬಾಯಿ ತೆರೆದೆ. ತರಗತಿ, ಇಸವಿ, ತಿಂಗಳು, ಎಲ್ಲ ನಾಲಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಅನ್ನಿಸಿತು. ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ಗೊತ್ತಾದರೆ, 'ಹೌದಮ್ಮ, ತಪ್ಪಾಯ್ತು' ಅನ್ನುತ್ತಾರೆ. ಒಂದೇ ಮಾತು, ಅಲ್ಲಿಗೆ ಅವರ ಎದೆ ಹಗುರ. ರಾತ್ರಿ ಮಗಳ ಮನೆಯಲ್ಲಿ ಹಾಯಾಗಿ ನಿದ್ದೆ.

ತೆರೆದ ಬಾಯಿ ಮುಚ್ಚಿದೆ.

"ಯೋಚನೆ ಮಾಡಿ ಸಾರ್," ಅಂದೆ. "ಆರಾಮಾಗಿ ಯೋಚನೆ ಮಾಡಿ. ಅವಸರ ಇಲ್ಲ."

ಸಾಗರದ ಬಸ್ಸು ಬಂತು. ಅವರು ಹತ್ತಿ, ಈಚೆ ಬದಿಯ ಕಿಟಕಿಯ ಹತ್ತಿರವೇ ಕೂತರು. ನಾನು ಅಲ್ಲೇ ನಿಂತಿದ್ದೆ. ಕಿಟಕಿಯ ಗಾಜು ಸರಿಸಿದರು.

"ಆ ಹಳ್ಳದ ನೀರಿನ ವಿಷಯಕ್ಕಾ?"

ನಾನು ಅಲ್ಲವೆಂದು ತಲೆ ಅಲ್ಲಾಡಿಸಿದೆ.

"ಅವನ ಮಗಳ ಮದುವೆಗೆ ನಾನು ಬಂದಿರ್ಲಿಲ್ಲ. ಅದಕ್ಕಾ?"

ಅಲ್ಲ ಅಂದೆ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಮಾಸ್ತರು ಕಿಟಕಿಯಿಂದ ತಲೆ ಹೊರಗೆ ಹಾಕಿ ಇನ್ನೂ ಏನೋ ಕೇಳುತ್ತಲೇ ಇದ್ದರು. "ಕೂಲಿ ವಿಷಯಕ್ಕಾ?" ಅಂದ ಹಾಗಾಯಿತು. ಆಮೇಲಿನದು ಎಂಜಿನ್ನಿನ ಸದ್ದಿಗೆ ಕೇಳಲಿಲ್ಲ. ನಾನು ಕೈ ಬೀಸಿ ಟಾಟಾ ಮಾಡಿದೆ.